ಬಿದ್ದ ಅಲ್ಲ, ಬಿದ್ದೆ: ಗೇಮ್ ಆಡುವವರಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸುಮಾರು ಮೂವತ್ತು ವರ್ಷಗಳಿಂದ ವಿಡಿಯೋ ಗೇಮ್ ಆಡುತ್ತಿದ್ದೇನೆ. ಅಷ್ಟೇ ವರ್ಷಗಳಿಂದ ಒಂದೇ ಥರದ ಪ್ರಶ್ನೆಗಳಿಗೆ ಉತ್ತರವನ್ನೂ ಕೊಡುತ್ತಿದ್ದೇನೆ. ಬಾಯಲ್ಲಿ ಹೇಳಲು ಹೋದಾಗಲೆಲ್ಲ ಮುಖ್ಯವಾದದ್ದೇ ಮರೆತುಹೋಗುತ್ತದೆ. ಅದಕ್ಕೇ ಈ ಸಲ ಕೂತು ಬರೆದಿದ್ದೇನೆ. ಕೆಲವು ಪ್ರಶ್ನೆಗೆ ಉತ್ತರ ಉದ್ದವಾಯಿತು, ಕೆಲವಕ್ಕೆ ಒಂದೆರಡು ಸಾಲೇ ಸಾಕಾಯಿತು.

ಸಿನಿಮಾ ಇದೆ, ಪುಸ್ತಕ ಇದೆ, ಹಾಡು ಇದೆ. ಅವನ್ನೆಲ್ಲ ಬಿಟ್ಟು ಗೇಮೇ ಯಾಕೆ?

ಚಿಕ್ಕವನಿದ್ದಾಗ ಒಂದು ಸಂಜೆ "ಅಯ್ಯೋ, ಸತ್ತೆ!" ಅಂತ ಜೋರಾಗಿ ಕೂಗಿದೆ. ಅಮ್ಮ ಒಳಗಿನಿಂದ ಓಡಿ ಬಂದಳು. ನೋಡಿದರೆ ನಾನು ಆರಾಮಾಗಿ ಕೂತಿದ್ದೇನೆ, ಟಿವಿಯಲ್ಲಿ ಒಂದು ಪುಟಾಣಿ ಗೊಂಬೆ ಹಳ್ಳಕ್ಕೆ ಬಿದ್ದಿದೆ. ಚೆನ್ನಾಗಿ ಬೈಸಿಕೊಂಡೆ. ಬೈಗುಳ ಮರೆತಿದೆ, ಆ ಮಾತು ಮರೆತಿಲ್ಲ.

ಸಿನಿಮಾ ನೋಡಿ ಬಂದವರು "ಕೊನೆಗೆ ಅವನು ಸತ್ತ" ಅನ್ನುತ್ತಾರೆ. ಎಷ್ಟೇ ಅತ್ತಿರಲಿ, "ಸತ್ತೆ" ಅನ್ನುವುದಿಲ್ಲ. ಕಾದಂಬರಿ ಓದಿದವರೂ ಅಷ್ಟೇ. ಗೇಮ್ ಆಡಿದವರು ಮಾತ್ರ "ಓಡಿದೆ, ಹಾರಿದೆ, ಬಾಗಿಲು ತೆಗೆದೆ, ಬಿದ್ದೆ" ಅನ್ನುತ್ತಾರೆ. ಹಾಗೆ ಹೇಳು ಅಂತ ಯಾರೂ ಕಲಿಸಿದ್ದಲ್ಲ. ಬಿದ್ದ, ಬಿದ್ದೆ. ನಡುವೆ ಇರುವುದು ಒಂದು ಎತ್ವ. ಯಾಕೆ ಗೇಮ್ ಅಂದರೆ ಆ ಎತ್ವಕ್ಕಾಗಿ.

ಇನ್ನೊಂದು ಮಾತು. ಸಿನಿಮಾ ನಾನು ನಿದ್ದೆ ಮಾಡಿದರೂ ಮುಂದೆ ಹೋಗುತ್ತದೆ. ಹಾಡು ನಾನು ಕೇಳದಿದ್ದರೂ ಮುಗಿಯುತ್ತದೆ. ಗೇಮ್ ಬಹಳಷ್ಟು ಸಲ ಸುಮ್ಮನೆ ನಿಂತು ಕಾಯುತ್ತದೆ. ನಾನು ಹೆಜ್ಜೆ ಇಡುವ ತನಕ ಆ ಬಾಗಿಲಾಚೆ ಏನೂ ನಡೆಯುವುದಿಲ್ಲ. ಪುಸ್ತಕವೂ ಕಾಯುತ್ತದೆ, ನಿಜ. ಆದರೆ ಪುಟ ತಿರುಗಿಸುವುದನ್ನು ನಾನು ಕಲಿಯಬೇಕಿಲ್ಲ, ತಪ್ಪಾಗಿ ತಿರುಗಿಸಿದೆ ಅಂತ ಪುಸ್ತಕ ನನ್ನನ್ನು ಹಿಂದಕ್ಕೆ ಕಳಿಸುವುದೂ ಇಲ್ಲ.

ಬಟನ್ ಒತ್ತುವುದರಲ್ಲಿ ಅಂಥದ್ದೇನಿದೆ?

ಕೈಗೆ ಸಿಗುವ ಉತ್ತರ ಇದೆ. 1985ರ 'ಸೂಪರ್ ಮಾರಿಯೋ ಬ್ರದರ್ಸ್' ತೆಗೆದುಕೊಳ್ಳಿ. ಬಟನ್ ಒತ್ತಿದರೆ ಮಾರಿಯೋ ಹಾರುತ್ತಾನೆ. ಜಾಸ್ತಿ ಹೊತ್ತು ಒತ್ತಿ ಹಿಡಿದರೆ ಜಾಸ್ತಿ ಎತ್ತರ. ಹಾರಿದ ಮೇಲೂ ಗಾಳಿಯಲ್ಲೇ ಸ್ವಲ್ಪ ಹಿಂದೆ ಮುಂದೆ ಮಾಡಬಹುದು. ಇದು ಭೌತಶಾಸ್ತ್ರಕ್ಕೆ ವಿರುದ್ಧ, ಆದರೆ ಬೆರಳಿಗೆ ಹಿತ. ಮಕ್ಕಳಿಗೆ ಕಂಟ್ರೋಲರ್ ಕೊಟ್ಟು ನೋಡಿ. ಮೊದಲ ಹತ್ತು ನಿಮಿಷ ಮುಂದೆ ಹೋಗುವುದೇ ಇಲ್ಲ, ನಿಂತಲ್ಲೇ ಹಾರುತ್ತಿರುತ್ತಾರೆ. ಹಾರುವುದೇ ಆಟ.

ಅದೇ ಗೇಮಿನ ಮೊದಲ ಲೆವೆಲ್ ಇನ್ನೊಂದು ಕಾರಣಕ್ಕೂ ಹೆಸರುವಾಸಿ. ಒಂದಕ್ಷರ ಪಾಠ ಹೇಳದೆ ಎಲ್ಲ ಕಲಿಸುತ್ತದೆ. ಶುರುವಾಗುತ್ತಿದ್ದಂತೆ ಎದುರಿನಿಂದ ಒಂದು ಜೀವಿ ನಡೆದು ಬರುತ್ತದೆ. ತಾಗಿದರೆ ಸಾಯುತ್ತೀರಿ. ಪರವಾಗಿಲ್ಲ, ಕಳೆದುಕೊಂಡದ್ದು ಐದಾರು ಸೆಕೆಂಡು. ಮುಂದಿನ ಸಲ ಹಾರುತ್ತೀರಿ. ಹಾರಿದಾಗ ತಲೆ ಮೇಲಿನ ಇಟ್ಟಿಗೆಗೆ ಬಡಿಯುತ್ತದೆ, ಅದರಿಂದ ಏನೋ ಹೊರಗೆ ಬರುತ್ತದೆ. ಒಂದು ನಿಮಿಷದಲ್ಲಿ ಮೂರು ನಾಲ್ಕು ನಿಯಮ ಗೊತ್ತಾಗಿರುತ್ತವೆ, ಯಾರೂ ಹೇಳಿಕೊಟ್ಟಿರುವುದಿಲ್ಲ. ಹೀಗೆ ಪಾಠ ಮಾಡುವ ಮೇಷ್ಟ್ರು ನನಗೆ ಶಾಲೆಯಲ್ಲಿ ಸಿಗಲಿಲ್ಲ.

ಕೆಲವೊಮ್ಮೆ ಈ ಅನುಭವ ಅಕಸ್ಮಾತ್ತಾಗಿ ಹುಟ್ಟುತ್ತದೆ. 1978ರಲ್ಲಿ ತೊಮೊಹಿರೋ ನಿಶಿಕಾಡೋ 'ಸ್ಪೇಸ್ ಇನ್ವೇಡರ್ಸ್' ಮಾಡಿದಾಗ ಯಂತ್ರಕ್ಕೆ ಅಷ್ಟೊಂದು ಶತ್ರುಗಳನ್ನು ಬೇಗ ಬೇಗ ಚಿತ್ರಿಸಲು ಆಗುತ್ತಿರಲಿಲ್ಲ. ಒಂದೊಂದನ್ನೇ ಹೊಡೆದಂತೆ ಯಂತ್ರದ ಹೊರೆ ಇಳಿದು, ಉಳಿದವು ವೇಗವಾಗಿ ಓಡತೊಡಗಿದವು. ಅವರು ಅದನ್ನು ಸರಿಪಡಿಸಲಿಲ್ಲ, ಹಾಗೇ ಬಿಟ್ಟರು. ಗೆಲ್ಲುವ ಹತ್ತಿರ ಬಂದಷ್ಟೂ ಎದೆ ಡವಡವ ಅನ್ನುವುದು ಅಲ್ಲಿಂದ ಬಂತು. ಕೊನೆಯ ಒಂದು ಶತ್ರು ಸರ್ರಂತ ಓಡುವಾಗ ಕೈ ಬೆವರುತ್ತದಲ್ಲ, ಅದಕ್ಕೆ ಕಾರಣ ಯಂತ್ರದ ಬಡತನ.

ಒಂದೇ ಬಾಸ್ (ಗೇಮಿನಲ್ಲಿ ದಾರಿಗೆ ಅಡ್ಡ ನಿಲ್ಲುವ ದೊಡ್ಡ ಶತ್ರು) ಹತ್ತಿರ ನಲವತ್ತು ಸಲ ಸಾಯುತ್ತೀರಿ. ಇದರಲ್ಲಿ ಏನು ಸುಖ?

ಮನೆಯವರು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಕೇಳುವವರ ಮುಖದಲ್ಲಿ ನಿಜವಾದ ಕಾಳಜಿ ಇರುತ್ತದೆ ಬೇರೆ.

ಬರ್ನಾರ್ಡ್ ಸೂಟ್ಸ್ ಅಂತ ಒಬ್ಬ ತತ್ವಜ್ಞಾನಿ 1978ರಲ್ಲಿ ಆಟ ಅಂದರೇನು ಅನ್ನುವುದಕ್ಕೆ ಒಂದು ವಿವರಣೆ ಕೊಟ್ಟರು. ಬೇಕಿಲ್ಲದ ಅಡೆತಡೆಗಳನ್ನು ಬೇಕಂತಲೇ ಮೈಮೇಲೆ ಎಳೆದುಕೊಂಡು, ಅವನ್ನು ದಾಟಲು ನೋಡುವುದೇ ಆಟ ಅಂತ ಅದರ ತಾತ್ಪರ್ಯ. ಓಟದ ಪಂದ್ಯದಲ್ಲಿ ಮೈದಾನದ ನಡುವೆ ಅಡ್ಡ ಹಾಯ್ದರೆ ಬೇಗ ತಲುಪಬಹುದು. ಯಾರೂ ಹಾಗೆ ಮಾಡುವುದಿಲ್ಲ, ಯಾಕೆಂದರೆ ತಲುಪುವುದಷ್ಟೇ ಉದ್ದೇಶ ಅಲ್ಲ. ಬಾಸ್ ಹತ್ತಿರ ಸಾಯುವುದೂ ಹಾಗೇ. ಆ ಕಷ್ಟ ನಾನೇ ಕೇಳಿ ಪಡೆದದ್ದು. ನಮ್ಮ ದಿನನಿತ್ಯದ ಕಷ್ಟಗಳು ಯಾವುವೂ ಕೇಳಿಕೊಂಡು ಬಂದವಲ್ಲ, ಅಲ್ವಾ?

2011ರ 'ಡಾರ್ಕ್ ಸೋಲ್ಸ್' ನೆನಪಾಗುತ್ತದೆ. ಸತ್ತರೆ ನೀವು ಗಳಿಸಿ ಇನ್ನೂ ಖರ್ಚು ಮಾಡದ 'ಸೋಲ್ಸ್', ಅಂದರೆ ಆ ಗೇಮಿನ ದುಡ್ಡು, ಸತ್ತ ಜಾಗದಲ್ಲೇ ಬಿದ್ದಿರುತ್ತದೆ. ಮತ್ತೆ ಅಲ್ಲಿಗೆ ಹೋಗಿ ಎತ್ತಿಕೊಳ್ಳಬಹುದು. ದಾರಿಯಲ್ಲಿ ಇನ್ನೊಮ್ಮೆ ಸತ್ತರೆ ಅದು ಹೋಯಿತು, ಶಾಶ್ವತವಾಗಿ. ಕ್ರೂರ ಅನಿಸಬಹುದು. ಆದರೆ ಆಡುತ್ತಾ ಆಡುತ್ತಾ ಒಂದು ವಿಷಯ ಗೊತ್ತಾಗುತ್ತದೆ: ಹೆಚ್ಚಿನ ಸಾವಿಗೆ ಕಾರಣ ನಾನೇ. ಆಸೆಪಟ್ಟು ಇನ್ನೊಂದು ಏಟು ಹೊಡೆಯಲು ಹೋದೆ. ಹೆದರಿ ಬೇಗ ಉರುಳಿದೆ. ಬಾಸ್ ಕತ್ತಿ ಎತ್ತುವ ರೀತಿ ಪ್ರತಿ ಸಲವೂ ಒಂದೇ. ಬದಲಾಗಬೇಕಾದ್ದು ನಾನು. ಒಂದು ಸಲ ಗೇಮನ್ನು ನಮಗೆ ತೋರಿಸುವ ಕ್ಯಾಮೆರಾ ಗೋಡೆಯೊಳಗೆ ಸಿಕ್ಕಿಕೊಂಡು, ಏನೂ ಕಾಣದೆ ಸತ್ತದ್ದೂ ಉಂಟು. ಅದನ್ನು ನನ್ನ ಲೆಕ್ಕಕ್ಕೆ ಹಾಕಬೇಡಿ.

ನಲವತ್ತೊಂದನೇ ಸಲ ಗೆದ್ದಾಗ ಏನಾಗುತ್ತದೆ ಗೊತ್ತಾ? ನಾಯಕ ಬಲಶಾಲಿ ಆಗಿರುವುದಿಲ್ಲ. ಅವನು ಮೊದಲಿದ್ದಷ್ಟೇ ಇರುತ್ತಾನೆ. ನನ್ನ ಕೈ ಕಲಿತಿರುತ್ತದೆ. ಸಿನಿಮಾದ ನಾಯಕ ಐದು ನಿಮಿಷದ ಹಾಡಿನಲ್ಲಿ ಕುಸ್ತಿ ಕಲಿತುಬಿಡುತ್ತಾನೆ, ನಾನು ಕಲಿತಿರುವುದಿಲ್ಲ. ಇಲ್ಲಿ ಹಾಗೆ ಮೋಸ ಮಾಡಲು ಆಗುವುದಿಲ್ಲ.

ಟೈಮ್ ಹೋಗಿದ್ದೇ ಗೊತ್ತಾಗುವುದಿಲ್ಲ ಅಂತೀರಲ್ಲ, ಯಾಕೆ ಹಾಗೆ?

ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಎಂಬ ಮನಶ್ಶಾಸ್ತ್ರಜ್ಞ 1970ರ ದಶಕದಲ್ಲಿ ಬಂಡೆ ಹತ್ತುವವರನ್ನು, ಚೆಸ್ ಆಡುವವರನ್ನು, ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರುಗಳನ್ನು ಮಾತಾಡಿಸಿದರು. ಕೆಲಸದಲ್ಲಿ ಮುಳುಗಿ ಹೋದಾಗ ಹೇಗಿರುತ್ತದೆ ಅಂತ ಕೇಳಿದರು. ಆ ಸ್ಥಿತಿಗೆ ಅವರು ಕೊಟ್ಟ ಹೆಸರು 'ಫ್ಲೋ'. ಸವಾಲು ಕೈಲಾಗದಷ್ಟಿದ್ದರೆ ಗಾಬರಿ. ತೀರಾ ಸುಲಭವಿದ್ದರೆ ಬೇಜಾರು. ಎರಡರ ನಡುವಿನ ಸಣ್ಣ ದಾರಿಯಲ್ಲಿ ಮನಸ್ಸು ಬೇರೆಲ್ಲ ಮರೆಯುತ್ತದೆ. ಗುರಿ ಸ್ಪಷ್ಟವಿರಬೇಕು, ಸರಿಯೋ ತಪ್ಪೋ ತಕ್ಷಣ ತಿಳಿಯಬೇಕು.

ಒಳ್ಳೆಯ ಗೇಮ್ ಆ ಸಣ್ಣ ದಾರಿಯನ್ನೇ ಹುಡುಕಿ ಹಾಸುತ್ತದೆ. 'ಟೆಟ್ರಿಸ್' ಇದಕ್ಕೆ ಅಚ್ಚುಕಟ್ಟಾದ ಉದಾಹರಣೆ. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿತ್ನೊವ್ ಇದನ್ನು ಬರೆದರು. ಅವರ ಹತ್ತಿರವಿದ್ದ 'ಎಲೆಕ್ಟ್ರೋನಿಕಾ 60' ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಅನುಕೂಲವೇ ಇರಲಿಲ್ಲ. ಕೀಬೋರ್ಡಿನ ಚಿಹ್ನೆಗಳನ್ನೇ ಜೋಡಿಸಿ ತುಂಡುಗಳನ್ನು ಮಾಡಿದರು. ಏಳು ಆಕಾರ, ಪ್ರತಿಯೊಂದರಲ್ಲಿ ನಾಲ್ಕು ಚೌಕ. ಕಥೆ ಇಲ್ಲ, ನಾಯಕ ಇಲ್ಲ, ಗೆಲುವೂ ಇಲ್ಲ. ಮೇಲಿನಿಂದ ಬೀಳುವುದನ್ನು ಜೋಡಿಸುತ್ತಾ ಹೋಗುವುದು. ನೀವು ಪಳಗಿದಂತೆ ಅದು ವೇಗ ಹೆಚ್ಚಿಸುತ್ತದೆ. ಹಾಗಾಗಿ ನೀವು ಯಾವಾಗಲೂ ಆ ಗಾಬರಿ–ಬೇಜಾರಿನ ಗಡಿಯಲ್ಲೇ ಇರುತ್ತೀರಿ.

ಮಲಗಿದ ಮೇಲೂ ಕಣ್ಣೊಳಗೆ ಆ ತುಂಡುಗಳು ಬೀಳುತ್ತವೆ. ಇದು ನನ್ನೊಬ್ಬನ ಹುಚ್ಚಲ್ಲ. 2000ದಲ್ಲಿ ರಾಬರ್ಟ್ ಸ್ಟಿಕ್‌ಗೋಲ್ಡ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. ಹೊಸ ನೆನಪು ಉಳಿಯದ ರೋಗಿಗಳೂ ಅದರಲ್ಲಿದ್ದರು. ಟೆಟ್ರಿಸ್ ಆಡಿದ್ದೇ ಅವರಿಗೆ ನೆನಪಿರಲಿಲ್ಲ. ಆದರೂ ಅವರಲ್ಲಿ ಕೆಲವರಿಗೆ ನಿದ್ದೆ ಹತ್ತುವ ಹೊತ್ತಿಗೆ ಬೀಳುವ ಆಕಾರಗಳು ಕಂಡವು. ಓದಿದಾಗ ನನಗೆ ಮೈ ಜುಂ ಅಂದಿತು. ಆಡಿದ್ದು ಮರೆತಿದೆ, ಆಟ ಮರೆತಿಲ್ಲ.

ಇದಕ್ಕೆಲ್ಲ ಮನಶ್ಶಾಸ್ತ್ರ ಏನು ಕಾರಣ ಕೊಡುತ್ತದೆ?

ಎಡ್ವರ್ಡ್ ಡೆಸಿ, ರಿಚರ್ಡ್ ರಯಾನ್ ಅವರ ಸಿದ್ಧಾಂತದ ಪ್ರಕಾರ ಮನುಷ್ಯನ ಮನಸ್ಸಿಗೆ ಮೂರು ಹಸಿವು. ನನ್ನ ದಾರಿ ನಾನು ಆರಿಸಿಕೊಂಡೆ ಅನಿಸಬೇಕು. ನನ್ನ ಕೈಲಿ ಆಗುತ್ತದೆ ಅನಿಸಬೇಕು. ನನ್ನವರು ಅಂತ ಯಾರಾದರೂ ಇರಬೇಕು. 2006ರಲ್ಲಿ ರಯಾನ್, ಸ್ಕಾಟ್ ರಿಗ್ಬಿ, ಆಂಡ್ರ್ಯೂ ಶಿಬಿಲ್ಸ್ಕಿ ಮೂವರೂ ಸೇರಿ ಇದನ್ನು ಗೇಮ್ ಆಡುವವರ ಮೇಲೆ ಪರೀಕ್ಷಿಸಿ ನೋಡಿದರು. ಈ ಹಸಿವುಗಳನ್ನು ತಣಿಸುವ ಗೇಮ್‌ಗಳೇ ಜನರಿಗೆ ಹೆಚ್ಚು ಹಿಡಿಸುತ್ತವೆ, ಮತ್ತೆ ಆಡಬೇಕು ಅನಿಸುತ್ತವೆ ಅಂತ ಕಂಡಿತು.

ನನಗೆ ಇದರಲ್ಲಿ ಎರಡನೆಯದು ಬಹಳ ನಿಜ. ಇಡೀ ದಿನ ಕೆಲಸ ಮಾಡಿ, ಸಂಜೆ ಏನು ಮುಗಿಸಿದೆ ಅಂತ ಕೇಳಿಕೊಂಡರೆ ಉತ್ತರ ಇರುವುದಿಲ್ಲ. ಗೇಮಿನಲ್ಲಿ ಅರ್ಧ ಗಂಟೆಯಲ್ಲಿ ಒಂದು ಸೇತುವೆ ಕಟ್ಟಿರುತ್ತೇನೆ. ಅದು ಅಲ್ಲಿ ನಿಂತಿರುತ್ತದೆ. ನಾಳೆ ಬಂದರೂ ಇರುತ್ತದೆ.

ಹಾಗಾದರೆ ಎಲ್ಲ ಗೇಮರ್‌ಗಳೂ ಒಂದೇ ಥರದವರಾ?

ಖಂಡಿತ ಅಲ್ಲ. ಜಗಳ ಆಗುವುದೇ ಇಲ್ಲಿ. ರಿಚರ್ಡ್ ಬಾರ್ಟಲ್ 1996ರಲ್ಲಿ ಆಡುವವರನ್ನು ನಾಲ್ಕು ಗುಂಪು ಮಾಡಿ, ಇಸ್ಪೀಟಿನ ನಾಲ್ಕು ಬಣ್ಣಕ್ಕೆ ಹೋಲಿಸಿದರು. ಸಾಧಿಸುವವರು ಡೈಮಂಡ್. ಅಂಕ, ಪದಕ, ನೂರಕ್ಕೆ ನೂರು ಇವರಿಗೆ ಬೇಕು. ಅಗೆದು ನೋಡುವವರು ಇಸ್ಪೇಟು, ಅಂದರೆ ಗುದ್ದಲಿ. ಮೂಲೆ ಮೂಲೆ ಹುಡುಕುವುದೇ ಇವರ ಕೆಲಸ. ಮಾತಿಗಾಗಿ ಬರುವವರು ಹಾರ್ಟ್. ಇನ್ನೊಬ್ಬರನ್ನು ಬಡಿಯಲೆಂದೇ ಬರುವವರು ಕ್ಲಬ್, ದೊಣ್ಣೆ.

ಅವರು ಇದನ್ನು ಬರೆದದ್ದು ಬರೀ ಅಕ್ಷರಗಳಲ್ಲಿ ಹಲವರು ಒಟ್ಟಿಗೆ ಆಡುವ ಗೇಮ್‌ಗಳ ಬಗ್ಗೆ. ಎಲ್ಲ ಗೇಮಿಗೂ ಹೊಂದುವುದಿಲ್ಲ. ಆದರೂ ಗೆಳೆಯರನ್ನು ಅಳೆಯಲು ಮಜವಾಗಿದೆ.

ನಾನು ಗುದ್ದಲಿ ಪಾರ್ಟಿ. ನಕಾಶೆಯಲ್ಲಿ ಬಲಕ್ಕೆ ಹೋಗು ಅಂತ ಬಾಣ ತೋರಿಸಿದರೆ ಎಡಕ್ಕೆ ಹೋಗುತ್ತೇನೆ. ಶಿಗೆರು ಮಿಯಾಮೊಟೊ ತಮ್ಮ ಬಾಲ್ಯದಲ್ಲಿ ಊರಾಚೆಯ ಬೆಟ್ಟ, ಕಾಡು, ಗುಹೆ ಸುತ್ತಿದ್ದನ್ನು ನೆನೆದು 1986ರ 'ಲೆಜೆಂಡ್ ಆಫ್ ಝೆಲ್ಡಾ' ರೂಪಿಸಿದರು. ಅದು ಶುರುವಾಗುವ ಪರದೆಯಲ್ಲೇ ಒಂದು ಗುಹೆಯ ಕಪ್ಪು ಬಾಯಿ ಇದೆ. ಒಳಗೆ ಹೋಗು ಅಂತ ಯಾರೂ ಹೇಳುವುದಿಲ್ಲ. ಹೋದರೆ ಕತ್ತಿ ಸಿಗುತ್ತದೆ. ಅದೇ ಸಾಲಿನ 2017ರ ಗೇಮ್, 'ಬ್ರೆತ್ ಆಫ್ ದ ವೈಲ್ಡ್', ನನ್ನಂಥವರಿಗೆ ಹಬ್ಬ. ದೂರದಲ್ಲಿ ಬೆಟ್ಟ ಕಂಡರೆ ಅದು ಬರೀ ಪರದೆಯ ಚಿತ್ರವಲ್ಲ, ಹತ್ತಬಹುದು. ಮಳೆ ಬಂದರೆ ಬಂಡೆ ಜಾರುತ್ತದೆ. ಅರ್ಧ ಬೆಟ್ಟದಲ್ಲಿ ಮಳೆಗೆ ಸಿಕ್ಕಿಕೊಂಡು ಬಂಡೆಯ ಅಂಚಿನಲ್ಲಿ ಸುಮ್ನೆ ಕೂತಿದ್ದು ನನಗೆ ಆ ಗೇಮಿನ ಯಾವ ಯುದ್ಧಕ್ಕಿಂತ ಚೆನ್ನಾಗಿ ನೆನಪಿದೆ.

ಗೇಮಿನ ಕಥೆ ಪುಸ್ತಕದಷ್ಟು ಆಳವಾಗಿರುತ್ತದಾ?

ನೇರವಾಗಿ ಹೇಳುತ್ತೇನೆ: ಬಹಳಷ್ಟು ಗೇಮ್‌ಗಳ ಬರವಣಿಗೆ ಸಾಧಾರಣ. ಒಬ್ಬ ಮನುಷ್ಯನ ಮನಸ್ಸಿನೊಳಗೆ ನೂರು ಪುಟ ಓಡಾಡಬೇಕಾದರೆ ನಾನು ಕಾದಂಬರಿಯನ್ನೇ ಎತ್ತಿಕೊಳ್ಳುತ್ತೇನೆ. ಒಂದು ಮುಖವನ್ನು ಎರಡು ನಿಮಿಷ ಸುಮ್ಮನೆ ನೋಡಬೇಕಾದರೆ ಸಿನಿಮಾ. ಈ ಎರಡರ ಹತ್ತಿರ ಪೈಪೋಟಿಗೆ ಹೋದಾಗಲೆಲ್ಲ ಗೇಮ್ ಸೋಲುತ್ತದೆ. ನಡುನಡುವೆ ಇಪ್ಪತ್ತು ನಿಮಿಷದ ಸಿನಿಮಾ ತುರುಕಿ, ಕಂಟ್ರೋಲರ್ ಮಡಿಲಲ್ಲಿ ಇಟ್ಟುಕೊಂಡು ಕೂರಿಸುವ ಗೇಮ್‌ಗಳು ನನಗೆ ಆಗಿಬರುವುದಿಲ್ಲ.

ಆದರೆ ಒಂದು ಭಾವನೆ ಇದೆ, ಅದು ಬೇರೆ ಎಲ್ಲೂ ನನಗೆ ಇಷ್ಟು ನೇರವಾಗಿ ಸಿಕ್ಕಿಲ್ಲ. ತಪ್ಪಿತಸ್ಥ ಭಾವನೆ. ಸಿನಿಮಾದ ಪಾತ್ರ ತಪ್ಪು ಮಾಡಿದರೆ ಮರುಕ ಬರುತ್ತದೆ, ಸಿಟ್ಟು ಬರುತ್ತದೆ. ನನಗೆ ನಾಚಿಕೆಯಾಗುವುದಿಲ್ಲ.

ಲ್ಯೂಕಾಸ್ ಪೋಪ್ 2013ರಲ್ಲಿ ತಂದ 'ಪೇಪರ್ಸ್, ಪ್ಲೀಸ್' ನೋಡಿ. ನೀವೊಬ್ಬ ಗಡಿ ಚೌಕಿಯ ಗುಮಾಸ್ತ. ಪಾಸ್‌ಪೋರ್ಟ್ ನೋಡಬೇಕು, ಮೊಹರು ಒತ್ತಬೇಕು. ಎಷ್ಟು ಜನರನ್ನು ಸರಿಯಾಗಿ ಪರಿಶೀಲಿಸಿದಿರೋ ಅಷ್ಟು ಕೂಲಿ. ಅದರಲ್ಲೇ ಮನೆಯವರ ಊಟ, ಚಳಿಗೆ ಬೆಂಕಿ. ಒಬ್ಬ ಬರುತ್ತಾನೆ, ಕಾಗದ ಸರಿಯಿದೆ. ಹಿಂದೆ ನನ್ನ ಹೆಂಡತಿ ಬರುತ್ತಿದ್ದಾಳೆ, ಸ್ವಲ್ಪ ನೋಡಿಕೊಳ್ಳಿ ಅನ್ನುತ್ತಾನೆ. ಅವಳ ಹತ್ತಿರ ಪ್ರವೇಶದ ಪರವಾನಗಿ ಇಲ್ಲ. ವಾಪಸ್ ಕಳಿಸಿದರೆ ಕೊಲ್ಲುತ್ತಾರೆ ಅನ್ನುತ್ತಾಳೆ. ಒಳಗೆ ಬಿಟ್ಟರೆ ನಿಮ್ಮ ಮೇಲೆ ತಪ್ಪು ಬೀಳುತ್ತದೆ. ಸಾಲು ಉದ್ದವಿದೆ, ಗಡಿಯಾರ ಓಡುತ್ತಿದೆ.

ನಾನು ಮೊದಲ ಸಲ ಕೆಂಪು ಮೊಹರು ಒತ್ತಿದೆ. ಕ್ರೌರ್ಯದಿಂದ ಅಲ್ಲ, ಅವಸರದಿಂದ. ಅಷ್ಟು ಹೊತ್ತಿಗೆ ನನಗೆ ಮುಖಗಳು ಕಾಣುವುದು ನಿಂತು, ಬರೀ ತಾರೀಕು ಮತ್ತು ಸೀಲು ಕಾಣುತ್ತಿದ್ದವು. ಇದರ ಬಗ್ಗೆ ಒಂದು ಪ್ರಬಂಧ ಓದಿದ್ದರೆ "ಹೌದಪ್ಪ, ವ್ಯವಸ್ಥೆ ಹೀಗೇ" ಅಂತ ತಲೆಯಾಡಿಸಿ ಸುಮ್ಮನಾಗುತ್ತಿದ್ದೆ. ಇಲ್ಲಿ ವ್ಯವಸ್ಥೆ ನಾನೇ ಆಗಿದ್ದೆ. ನೋಡಿ, ಮತ್ತೆ ಅದೇ ಎತ್ವ.

2005ರ 'ಶ್ಯಾಡೋ ಆಫ್ ದ ಕೊಲೋಸಸ್' ಕೂಡ ಇದೇ ಕೆಲಸ ಮಾಡುತ್ತದೆ, ಮಾತೇ ಹೆಚ್ಚಿಲ್ಲದೆ. ಹದಿನಾರು ದೈತ್ಯ ಜೀವಿಗಳನ್ನು ಕೊಲ್ಲಬೇಕು. ಕೊಂದಾಗ ಗೆಲುವಿನ ತುತ್ತೂರಿ ಇಲ್ಲ, ಶೋಕದ ಸಂಗೀತ. ಅವುಗಳಲ್ಲಿ ಕೆಲವು ನಮ್ಮ ತಂಟೆಗೂ ಬಂದಿರುವುದಿಲ್ಲ. ಯಾಕೆ ಕೊಂದೆ ಅಂತ ಗೇಮ್ ಕೇಳುವುದಿಲ್ಲ. ಕೇಳದೇ ಇರುವುದೇ ಕಷ್ಟ.

ಇದನ್ನು ಕಲೆ ಅಂತ ಕರೆಯಬಹುದಾ?

ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 2012ರಲ್ಲಿ 14 ಗೇಮ್‌ಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. 'ಪ್ಯಾಕ್-ಮ್ಯಾನ್', 'ಟೆಟ್ರಿಸ್' ಅದರಲ್ಲಿವೆ. ಆಮೇಲೂ ಜನ ವಾದ ಮಾಡುತ್ತಿದ್ದಾರೆ. ನಾನು ಆ ವಾದಕ್ಕೆ ಹೋಗುವುದು ಬಿಟ್ಟಿದ್ದೇನೆ. ಆ ಹೊತ್ತಿನಲ್ಲಿ ಒಂದು ಲೆವೆಲ್ ಮುಗಿಯುತ್ತದೆ.

ಒಂಟಿಯಾಗಿ ಕೂರುವವರ ಹವ್ಯಾಸ ಅಲ್ವಾ ಇದು?

ಚರಿತ್ರೆ ನೋಡಿದರೆ ಉಲ್ಟಾ. 1958ರಲ್ಲಿ ವಿಲಿಯಂ ಹಿಗಿನ್‌ಬಾಥಮ್ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯಕ್ಕೆ ಬರುವ ಸಂದರ್ಶಕರಿಗಾಗಿ ಆಸಿಲೋಸ್ಕೋಪಿನ (ವಿದ್ಯುತ್ ಅಲೆಗಳನ್ನು ಪರದೆಯಲ್ಲಿ ತೋರಿಸುವ ಉಪಕರಣ) ಮೇಲೆ ಟೆನಿಸ್ ಆಟ ಮಾಡಿದರು. ಇಬ್ಬರು ಆಡಬೇಕು. 1962ರಲ್ಲಿ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ಹುಡುಗರು ಮಾಡಿದ 'ಸ್ಪೇಸ್‌ವಾರ್' ಇಬ್ಬರ ಆಟ. 1972ರ 'ಪಾಂಗ್' ಇಬ್ಬರ ಆಟ. ಈ ಆಟಗಳಲ್ಲಿ ಯಂತ್ರ ಎದುರಾಳಿಯಾಗಿ ಆಡುತ್ತಿರಲಿಲ್ಲ, ಮನುಷ್ಯನೇ ಬೇಕಿತ್ತು.

ಆದರೂ ನಾನು ಹೇಳಬೇಕೆಂದಿದ್ದು 2012ರ 'ಜರ್ನಿ' ಬಗ್ಗೆ. ಮರುಭೂಮಿಯಲ್ಲಿ ನಡೆಯುತ್ತಿರುತ್ತೀರಿ. ದೂರದಲ್ಲಿ ನಿಮ್ಮಂತೆಯೇ ಒಂದು ಆಕೃತಿ ಕಾಣುತ್ತದೆ. ಅದು ಜಗತ್ತಿನ ಇನ್ನೆಲ್ಲೋ ಕೂತು ಆಡುತ್ತಿರುವ ನಿಜವಾದ ಮನುಷ್ಯ. ಹೆಸರು ಕಾಣುವುದಿಲ್ಲ, ಮಾತಾಡಲು ಆಗುವುದಿಲ್ಲ, ಟೈಪ್ ಮಾಡಲೂ ಆಗುವುದಿಲ್ಲ. ಒಂದು ಸಣ್ಣ ಸ್ವರ ಹೊರಡಿಸಬಹುದು, ಅಷ್ಟೇ. ಬೈಯುವ ಅವಕಾಶ ಇಲ್ಲದಿದ್ದರೆ ಜನ ಎಷ್ಟು ಒಳ್ಳೆಯವರು! ನನ್ನ ಜೊತೆ ಸಿಕ್ಕವರು ನಾನು ಹಿಂದೆ ಬಿದ್ದಾಗಲೆಲ್ಲ ನಿಂತು ಆ ಸ್ವರ ಹೊರಡಿಸಿ ಕರೆದರು. ಹಿಮಗಾಳಿಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಅಂಟಿಕೊಂಡು ನಡೆದೆವು. ಗೇಮ್ ಮುಗಿದು, ಕೊನೆಯ ಹೆಸರುಗಳ ಪಟ್ಟಿ ಹೋದ ಮೇಲೆ ಅವರ ಹೆಸರು ಬಂತು. ಅರ್ಥವಾಗದ ಒಂದು ಅಡ್ಡಹೆಸರು. ಎಷ್ಟೋ ಹೊತ್ತು ನೋಡುತ್ತಾ ಕೂತೆ.

ಬೈಗುಳದ ಮಳೆ ಸುರಿಸುವ ಆನ್‌ಲೈನ್ ಗೇಮ್‌ಗಳೂ ಇವೆ. ಅಲ್ಲಿ ನಾನು ಮೈಕ್ ಆಫ್ ಮಾಡಿ ಆಡುತ್ತೇನೆ.

ಬೇರೆಯವರು ಆಡುವುದನ್ನು ಜನ ಯಾಕೆ ನೋಡುತ್ತಾರೆ?

ತಾನು ಆಡಲಾಗದ ಕ್ರಿಕೆಟ್ಟನ್ನು ಜನ ನೋಡುವುದಿಲ್ಲವೇ? ಅದೇ.

ನಿಜ ಜೀವನದಿಂದ ಓಡಿಹೋಗುವ ದಾರಿ ಇದು ಅಂತಾರೆ. ಒಪ್ಪುತ್ತೀರಾ?

ಅರ್ಧ ಒಪ್ಪುತ್ತೇನೆ. ಕಾದಂಬರಿ ಓದುವವರಿಗೆ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ ಅನ್ನುವುದು ಬೇರೆ ಮಾತು. ಡಚ್ ಇತಿಹಾಸಕಾರ ಯೋಹಾನ್ ಹುಯಿಜಿಂಗ 1938ರಲ್ಲೇ ಬರೆದಿದ್ದರು: ಆಟಕ್ಕೆ ತನ್ನದೇ ಗೆರೆ ಇರುತ್ತದೆ, ಆ ಗೆರೆಯೊಳಗೆ ತಾತ್ಕಾಲಿಕವಾಗಿ ಬೇರೆ ನಿಯಮ.

ನಾನು ಆ ಗೆರೆ ದಾಟುವುದು ಸುಲಭದ ಲೋಕ ಬೇಕು ಅಂತಲ್ಲ, ನ್ಯಾಯದ ಲೋಕ ಬೇಕು ಅಂತ. 1980ರ 'ಪ್ಯಾಕ್-ಮ್ಯಾನ್'ನಲ್ಲಿ ನಾಲ್ಕು ಭೂತ. ಕೆಂಪು ಭೂತ ನೇರ ಬೆನ್ನಟ್ಟುತ್ತದೆ. ಗುಲಾಬಿ ಭೂತ ನೀವು ಹೋಗುವ ದಿಕ್ಕಿನಲ್ಲಿ ಸ್ವಲ್ಪ ಮುಂದೆ ಹೋಗಿ ಅಡ್ಡ ಹಾಕಲು ನೋಡುತ್ತದೆ. ಗೊತ್ತಿಲ್ಲದವರಿಗೆ ನಾಲ್ಕೂ ಹುಚ್ಚಾಪಟ್ಟೆ ಓಡುತ್ತವೆ. ಗಮನವಿಟ್ಟು ನೋಡಿದರೆ ಒಂದೊಂದಕ್ಕೂ ಒಂದು ಬುದ್ಧಿ. ಆ ಬುದ್ಧಿ ಸಂಬಳ ಕೊಡುವವರ ಮೂಡ್ ಥರ ಬೆಳಿಗ್ಗೆ ಒಂದು, ಸಂಜೆ ಒಂದು ಆಗುವುದಿಲ್ಲ. ನಿಯಮ ಕಲಿತರೆ ಫಲ ಸಿಗುತ್ತದೆ ಅನ್ನುವುದು ಹೊರಗೆ ಅಪರೂಪ.

ಚಟ ಆಗುವುದಿಲ್ಲವೇ?

ಆಗಬಹುದು. ಗೇಮರ್‌ಗಳು ಈ ಪ್ರಶ್ನೆ ಬಂದ ಕೂಡಲೇ ಮುನಿಸಿಕೊಳ್ಳುತ್ತಾರೆ, ಅದು ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 'ಗೇಮಿಂಗ್ ಡಿಸಾರ್ಡರ್' ಅನ್ನು ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅಲ್ಲಿ ಗಂಟೆಗಳ ಲೆಕ್ಕವಿಲ್ಲ. ಆಟದ ಮೇಲೆ ಹಿಡಿತ ತಪ್ಪುವುದು, ಬೇರೆಲ್ಲದಕ್ಕಿಂತ ಆಟವೇ ಮೇಲಾಗುವುದು, ಬದುಕು ಕೆಡುತ್ತಿದ್ದರೂ ನಿಲ್ಲಿಸಲು ಆಗದಿರುವುದು, ಇದೆಲ್ಲ ಸಾಮಾನ್ಯವಾಗಿ ಒಂದು ವರ್ಷವಾದರೂ ಕಂಡಿರಬೇಕು. ಭಾನುವಾರ ಆರು ಗಂಟೆ ಆಡುವವನು ಇದಕ್ಕೆ ಸೇರುವುದಿಲ್ಲ. ದಿನಾ ಎರಡೇ ಗಂಟೆ ಆಡಿ, ಆ ಎರಡು ಗಂಟೆಗಾಗಿ ಮನೆಯವರಿಗೆ ಸುಳ್ಳು ಹೇಳುವವನು ಯೋಚಿಸಬೇಕು.

ನಾನೂ ಒಮ್ಮೆ ಜಾರಿದ್ದೆ. ಹೆಸರು ಬೇಡ, ಫೋನಿನ ಒಂದು ಗೇಮ್. ದಿನಾ ಲಾಗಿನ್ ಆದರೆ ಬಹುಮಾನ, ಒಂದು ದಿನ ತಪ್ಪಿದರೆ ಸರಣಿ ತುಂಡು. ನಾಲ್ಕು ತಿಂಗಳು ಆಡಿದೆ. ಒಂದು ರಾತ್ರಿ ಜ್ವರದಲ್ಲಿ ಎದ್ದು ಲಾಗಿನ್ ಆದೆ. ಆಗ ಹೊಳೆಯಿತು: ಇದರಲ್ಲಿ ನಾನು ಆಡುತ್ತಲೇ ಇಲ್ಲ, ಹಾಜರಿ ಹಾಕುತ್ತಿದ್ದೇನೆ.

ಇದರ ಹಿಂದಿನ ಉಪಾಯ ಹಳೆಯದು. ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ತಮ್ಮ ಪ್ರಯೋಗಗಳಲ್ಲಿ ತೋರಿಸಿದ್ದು ಇದನ್ನೇ. ಕಾಳು ಯಾವಾಗ ಬೀಳುತ್ತದೆ ಅಂತ ಗೊತ್ತಿಲ್ಲದಿದ್ದರೆ ಪಾರಿವಾಳ ಕುಕ್ಕುತ್ತಲೇ ಇರುತ್ತದೆ. ದುಡ್ಡು ಕೊಟ್ಟು ಒಳಗೇನಿದೆ ಅಂತ ಗೊತ್ತಿಲ್ಲದ ಪೆಟ್ಟಿಗೆ ತೆರೆಯುವ ಲೂಟ್ ಬಾಕ್ಸ್ ಅದೇ ಕಾಳು. 2018ರಲ್ಲಿ ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗ ಅಂಥ ಕೆಲವು ಪೆಟ್ಟಿಗೆಗಳು ಜೂಜು ಅಂತಲೇ ತೀರ್ಮಾನಿಸಿತು. ನನಗೆ ಸರಿ ಅನಿಸಿತು. ಆಟದ ಸೆಳೆತ ಬೇರೆ, ಗಾಳದ ಸೆಳೆತ ಬೇರೆ. ನನ್ನ ಅಳತೆಗೋಲು ಸರಳ. ಬಹುಮಾನಗಳನ್ನೆಲ್ಲ ತೆಗೆದುಬಿಟ್ಟರೂ ಇದನ್ನು ಆಡುತ್ತೇನಾ? ಟೆಟ್ರಿಸ್ ಆಡುತ್ತೇನೆ. ಆ ಫೋನ್ ಗೇಮ್ ಆಡುತ್ತಿರಲಿಲ್ಲ.

ಹೊಡೆದಾಟದ ಗೇಮ್ ಆಡಿದರೆ ಹಿಂಸೆ ಜಾಸ್ತಿ ಆಗುತ್ತದಾ?

ಕೊಲೆ, ಗುಂಡಿನ ದಾಳಿಯಂಥ ಹಿಂಸೆಗೆ ಗೇಮ್ ಕಾರಣ ಅನ್ನಲು ಸಾಕಷ್ಟು ಆಧಾರವಿಲ್ಲ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2020ರಲ್ಲಿ ಮತ್ತೊಮ್ಮೆ ಹೇಳಿತು. ಕೂಗಾಟ, ತಳ್ಳಾಟದಂಥ ಸಣ್ಣ ಸಿಟ್ಟಿನ ಜೊತೆ ಸ್ವಲ್ಪ ನಂಟಿದೆ ಅಂತಲೂ ಅದೇ ಸಂಘ ಹೇಳುತ್ತದೆ. 2019ರಲ್ಲಿ ಶಿಬಿಲ್ಸ್ಕಿ ಮತ್ತು ನೆಟ್ಟಾ ವೈನ್‌ಸ್ಟೀನ್ ಬ್ರಿಟನ್ನಿನ 14–15 ವರ್ಷದ ಸುಮಾರು ಸಾವಿರ ಮಕ್ಕಳನ್ನು ನೋಡಿದಾಗ ಆ ನಂಟೂ ಕಾಣಲಿಲ್ಲ. ಹಾಗಂತ ಎಂಟು ವರ್ಷದ ಮಗುವಿಗೆ ರಕ್ತ ಚೆಲ್ಲುವ ಗೇಮ್ ಕೊಡಬೇಡಿ. ಡಬ್ಬದ ಮೇಲೆ ವಯಸ್ಸು ಬರೆದಿರುವುದು ಅಲಂಕಾರಕ್ಕಲ್ಲ.

ಬುದ್ಧಿ ಚುರುಕಾಗುತ್ತದೆ ಅಂತಾರಲ್ಲ?

ವೇಗದ ಆ್ಯಕ್ಷನ್ ಗೇಮ್ ಆಡುವವರ ಕಣ್ಣು ಏಕಕಾಲಕ್ಕೆ ಹೆಚ್ಚು ವಸ್ತುಗಳ ಮೇಲೆ ಗಮನ ಇಡಬಲ್ಲದು ಅಂತ ಶಾನ್ ಗ್ರೀನ್, ಡಾಫ್ನೆ ಬಾವೆಲಿಯರ್ 2003ರಲ್ಲಿ ತೋರಿಸಿದರು. ಒಳ್ಳೆಯದೇ. ಆದರೆ ನಾನು ಅದಕ್ಕಾಗಿ ಆಡುವುದಿಲ್ಲ. ಗಣಿತ ಸುಧಾರಿಸಲಿ ಅಂತ ಯಾರಾದರೂ ಹಾಡು ಕೇಳುತ್ತಾರಾ?

ನನ್ನ ಕೈ ಚುರುಕಿಲ್ಲ. ವಯಸ್ಸೂ ಆಯಿತು. ನನಗಾಗುತ್ತದಾ?

ಆಗುತ್ತದೆ. 2018ರ 'ಸೆಲೆಸ್ಟ್' ಬಹಳ ಕಷ್ಟದ ಗೇಮ್. ಆದರೆ ಅದರಲ್ಲೇ ಒಂದು ಸಹಾಯದ ಆಯ್ಕೆ ಇದೆ. ವೇಗ ಇಳಿಸಬಹುದು, ಸಾಯದಂತೆ ಮಾಡಿಕೊಳ್ಳಬಹುದು. 2020ರ 'ದ ಲಾಸ್ಟ್ ಆಫ್ ಅಸ್ ಪಾರ್ಟ್ 2'ರಲ್ಲಿ ಕಣ್ಣು ಕಾಣದವರೂ ಕೊನೆಯ ತನಕ ಆಡುವಂತೆ 60ಕ್ಕೂ ಹೆಚ್ಚು ಅನುಕೂಲಗಳಿವೆ. ಸುಲಭ ಮಾಡಿಕೊಂಡು ಆಡುವುದು ಮೋಸ ಅಂತ ಹೇಳುವವರ ಮಾತಿಗೆ ಕಿವಿಗೊಡಬೇಡಿ.

ಎಲ್ಲಿಂದ ಶುರು ಮಾಡಲಿ?

ಹೊಸದಾಗಿ ಬಂದ, ಎಲ್ಲರೂ ಹೊಗಳುತ್ತಿರುವ ದೊಡ್ಡ ಗೇಮಿನಿಂದ ಬೇಡ. ಅವು ಈಗಾಗಲೇ ಹತ್ತಿಪ್ಪತ್ತು ವರ್ಷ ಆಡಿದವರಿಗಾಗಿ ಮಾಡಿದವು. ಒಂದು ಸ್ಟಿಕ್ಕಿನಲ್ಲಿ ನಡೆಯಬೇಕು, ಇನ್ನೊಂದರಲ್ಲಿ ನೋಡಬೇಕು. ಮೊದಲ ಸಲ ಹಿಡಿದವರು ಗೋಡೆಗೆ ಡಿಕ್ಕಿ ಹೊಡೆಯುತ್ತಾ ಆಕಾಶ ನೋಡುತ್ತಿರುತ್ತಾರೆ. ಟೆಟ್ರಿಸ್‌ನಿಂದ ಶುರು ಮಾಡಿ. ಅಥವಾ ಆಡಿ ಗೊತ್ತಿರುವ ಒಬ್ಬರ ಪಕ್ಕ ಕೂತು, ಇಬ್ಬರೂ ಸೇರಿ ಆಡುವಂಥದ್ದು ಹಾಕಿ.

ನನ್ನ ಅಕ್ಕನಿಗೆ ಗೇಮ್ ಅಂದರೆ ಅಲರ್ಜಿ. ಮೂವತ್ತು ವರ್ಷ "ಏನು ಸಿಗುತ್ತೋ ಅದರಲ್ಲಿ?" ಅಂತಲೇ ಕೇಳಿದಳು. ಕಳೆದ ವರ್ಷ ಕರೆಂಟು ಬಂದು ಹೋಗಿ ಆಗುತ್ತಿದ್ದ ಒಂದು ಮಳೆಗಾಲದ ಸಂಜೆ, ಬೇರೆ ಕೆಲಸವಿಲ್ಲದೆ ಎರಡನೇ ಕಂಟ್ರೋಲರ್ ಹಿಡಿದಳು. ಅವಳಿಗೆ ಕೆಂಪು ಗೊಂಬೆ, ನನಗೆ ನೀಲಿ. ಬಟನ್ ಯಾವುದು ಅಂತ ಗೊತ್ತಾಗಲು ಹತ್ತು ನಿಮಿಷ ಬೇಕಾಯಿತು. ಒಂದು ಕಿರಿದಾದ ಸೇತುವೆ ಮೇಲೆ ನನ್ನ ಗೊಂಬೆ ತಿರುಗಿ ಅವಳ ಗೊಂಬೆಗೆ ತಾಗಿತು. ಕೆಂಪು ಗೊಂಬೆ ಕೆಳಗೆ ಹೋಯಿತು.

ಅಕ್ಕ ನನ್ನ ಭುಜಕ್ಕೆ ಪಟ್ಟಂತ ಹೊಡೆದಳು. "ನನ್ನನ್ನ ಯಾಕೋ ತಳ್ಳಿದೆ?"